‘ಅಲ್ಲವೇ?’ ಎನ್ನುವವರು ಕೇಳುವುದೇನು?

2013ರಲ್ಲಿ ದಕ್ಷಿಣ ಲಂಡನ್ನಿನ ಅಪ್ಪರ್ ನಾರ್ವುಡ್‌ನಲ್ಲಿರುವ ಹ್ಯಾರಿಸ್ ಅಕಾಡೆಮಿ ಎಂಬ ಶಾಲೆಯವರು ಒಂದು ಫಲಕ ತೂಗುಹಾಕಿದರು. ಮಕ್ಕಳು ಶಾಲೆಯಲ್ಲಿ ಆಡಬಾರದ ಮಾತುಗಳ ಪಟ್ಟಿ ಅದು. ‘ಏಂಟ್’, ‘ಲೈಕ್’, ‘ಬೇರ್’, ‘ಎಕ್ಸ್‌ಟ್ರಾ’ ಮುಂತಾದ ಪದಗಳ ಜೊತೆಗೆ ‘ಇನ್ನಿಟ್’ ಎಂಬ ಪದವೂ ಅದರಲ್ಲಿತ್ತು. ಉದ್ಯೋಗದ ಸಂದರ್ಶನಕ್ಕೆ ಹೋದಾಗ ಹುಡುಗರಿಗೆ ತೊಂದರೆಯಾಗಬಾರದು ಎಂಬುದು ಇಂಥ ನಿಷೇಧಗಳಿಗೆ ಸಾಮಾನ್ಯವಾಗಿ ಕೊಡುವ ಸಮರ್ಥನೆ. ಪತ್ರಿಕೆಗಳು ಪರ-ವಿರೋಧ ಬರೆದವು, ಭಾಷಾಶಾಸ್ತ್ರಜ್ಞರು ತಲೆ ಚಚ್ಚಿಕೊಂಡರು, ಮಕ್ಕಳು ನಕ್ಕಿರಬೇಕು. ಪಟ್ಟಿಯಲ್ಲಿದ್ದ ಉಳಿದ ಪದಗಳ ಗೊಡವೆ ನಮಗೆ ಬೇಡ. ಆದರೆ ಈ ‘ಇನ್ನಿಟ್’ನ ಹಿಂದೆ ನಾನೂರು ಐನೂರು ವರ್ಷಗಳ ಒಂದು ಕಥೆಯಿದೆ. ಆ ಕಥೆಯ ಒಂದೆರಡು ಪುಟ ನಮ್ಮ ಮನೆಯಂಗಳದಲ್ಲೂ ಬಿದ್ದಿವೆ.

‘ಇನ್ನಿಟ್’ ಎಂದರೆ ‘ಇಸಂಟ್ ಇಟ್’ ಎಂಬುದರ ಸವೆದ ರೂಪ. ‘ಅಲ್ಲವೇ’ ಎಂಬುದು ‘ಅಲ್ವೇ’ ಆಗಿ, ‘ಅಲ್ವಾ’ ಆಗಿ, ಅವಸರದ ಬಾಯಲ್ಲಿ ಬರೀ ‘ಅಲಾ’ ಆಗುವಂತೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಸರಿಯಾದ ಕ್ವೆಶ್ಚನ್ ಟ್ಯಾಗ್ ಆರಿಸಿ’ ಎಂಬ ಒಂದಂಕದ ಪ್ರಶ್ನೆಯನ್ನು ಎದುರಿಸಿದವರಿಗೆಲ್ಲ ಇದರ ಪರಿಚಯ ಇದ್ದೇ ಇರುತ್ತದೆ. ಹೇಳಿಕೆ ಮುಗಿದ ಮೇಲೆ ಅದಕ್ಕೊಂದು ಪ್ರಶ್ನೆಯ ಬಾಲ ಅಂಟಿಸಬೇಕು. ಅವನು ಬಂದಿದ್ದರೆ ‘ಡಿಡಂಟ್ ಹಿ’, ಅವಳಿಗೆ ಈಜು ಬಾರದಿದ್ದರೆ ‘ಕ್ಯಾನ್ ಶಿ’, ನಾವು ಹೋಗಲಿದ್ದರೆ ‘ವೋಂಟ್ ವಿ’. ಕರ್ತೃ ಯಾರು ಎಂದು ನೋಡಬೇಕು, ಸಹಾಯಕ ಕ್ರಿಯಾಪದ ಯಾವುದು ಎಂದು ಹುಡುಕಬೇಕು, ಹೇಳಿಕೆ ಹೌದಾದರೆ ಬಾಲವನ್ನು ಇಲ್ಲ ಮಾಡಬೇಕು, ಇಲ್ಲವಾದರೆ ಹೌದು ಮಾಡಬೇಕು. ಇಷ್ಟೆಲ್ಲ ಲೆಕ್ಕ ಮಾಡುವುದರೊಳಗೆ ಎದುರಿಗಿದ್ದವನು ಎದ್ದು ಹೋಗಿರುತ್ತಾನೆ!

ಲೋಕದ ಬಹುಪಾಲು ಭಾಷೆಗಳಿಗೆ ಈ ರಗಳೆ ಇಲ್ಲ. ಕನ್ನಡದಲ್ಲಿ ಯಾರು ಬಂದರೂ, ಯಾರು ಹೋದರೂ ‘ಅಲ್ಲವೇ’ ಒಂದೇ. ಉರ್ದುವಿನಲ್ಲಿ ‘ಹೈ ನಾ’, ನಮ್ಮ ದಖನಿಯಲ್ಲಿ ‘ನೈ?’, ಫ್ರೆಂಚಿನಲ್ಲಿ ‘ನೆಸ್ ಪಾ’, ಜರ್ಮನ್‌ನಲ್ಲಿ ‘ನಿಖ್ಟ್ ವಾರ್’, ತುರ್ಕಿಯಲ್ಲಿ ‘ದೆಯಿಲ್ ಮಿ’. ಒಂದೇ ಬಾಲ ಎಲ್ಲ ಪ್ರಾಣಿಗಳಿಗೂ ಸಾಲುತ್ತದೆ. ಇಂಗ್ಲಿಷ್ ಮಾತ್ರ ಪ್ರತಿ ವಾಕ್ಯಕ್ಕೂ ಅಳತೆ ತೆಗೆದು ಹೊಲಿಯುವ ದರ್ಜಿಯ ಕೆಲಸ ಹಚ್ಚಿಕೊಂಡಿದೆ. ಹಾಗಾದರೆ ಇಂಗ್ಲಿಷ್ ಈ ಕಷ್ಟವನ್ನು ಯಾವಾಗ ಮೈಮೇಲೆ ಎಳೆದುಕೊಂಡಿತು?

ಗುನೆಲ್ ಟಾಟಿ ಮತ್ತು ಸೆಬಾಸ್ಟಿಯನ್ ಹಾಫ್‌ಮನ್ ಎಂಬ ಇಬ್ಬರು ವಿದ್ವಾಂಸರು ಹದಿನಾರನೆಯ ಶತಮಾನದ ಇಂಗ್ಲಿಷ್ ನಾಟಕಗಳನ್ನು ಜಾಲಾಡಿ ಈ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ಆಗಿನ ಜನ ಆಡುತ್ತಿದ್ದ ಮಾತಿಗೆ ಅತ್ಯಂತ ಹತ್ತಿರದ ದಾಖಲೆ ಎಂದರೆ ನಾಟಕ. ಅವರ ಪ್ರಕಾರ ಈ ಬಾಲ ಬೆಳೆಯತೊಡಗಿದ್ದು ಆ ಶತಮಾನದಲ್ಲೇ. ಇಂಗ್ಲಿಷ್ ಪ್ರಶ್ನೆಗಳಲ್ಲಿ ‘ಡು’ ಎಂಬ ಸಹಾಯಕ ಕ್ರಿಯಾಪದ ಹಬ್ಬಿಕೊಂಡದ್ದೂ ಅದೇ ಕಾಲದಲ್ಲಿ. ಶೇಕ್ಸ್‌ಪಿಯರ್ ಬರೆಯುವ ಹೊತ್ತಿಗೆ ‘ಈಸ್ ಇಟ್ ನಾಟ್’ ಎಂಬುದು ಪಾತ್ರಗಳ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ‘ನಾಟ್’ ಕುಗ್ಗಿ ‘ಎನ್‌ಟಿ’ಯಾಗಿ ಕ್ರಿಯಾಪದಕ್ಕೆ ಅಂಟಿಕೊಂಡದ್ದು ಅದರ ಮುಂದಿನ ಶತಮಾನದಲ್ಲಿ. ಇದೇ ಇಬ್ಬರು 2006ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಹೇಳುವಂತೆ, ಆಡುಮಾತಿನಲ್ಲಿ ಬ್ರಿಟಿಷರು ಈ ಬಾಲಗಳನ್ನು ಅಮೆರಿಕನ್ನರಿಗಿಂತ ಒಂಬತ್ತು ಪಟ್ಟು ಹೆಚ್ಚು ಬಳಸುತ್ತಾರೆ. ಅಮೆರಿಕನ್ನರು ‘ರೈಟ್?’ ಎಂದೋ ‘ಹಂ?’ ಎಂದೋ ಮುಗಿಸಿಬಿಡುತ್ತಾರೆ. ಕೆನಡಾದವರ ‘ಏ?’ ಅವರ ರಾಷ್ಟ್ರಲಾಂಛನದಷ್ಟೇ ಪ್ರಸಿದ್ಧ.

ಪ್ರಶ್ನೆಯ ಚರಿತ್ರೆ ನೋಡುವಾಗ ಉತ್ತರದ ಚರಿತ್ರೆಯನ್ನು ಬಿಡಲಾಗದು. ಈಗಿನ ಇಂಗ್ಲಿಷಿನಲ್ಲಿ ‘ಯೆಸ್’, ‘ನೋ’ ಎಂಬ ಎರಡೇ ಉತ್ತರ. ಹಿಂದೆ ನಾಲ್ಕಿದ್ದವು. ನೇರ ಪ್ರಶ್ನೆಗೆ ‘ಯೇ’ ಅಥವಾ ‘ನೇ’ ಎನ್ನಬೇಕಿತ್ತು. ಪ್ರಶ್ನೆಯೊಳಗೇ ‘ಅಲ್ಲ’ ಇದ್ದರೆ ಮಾತ್ರ ‘ಯೆಸ್’ ಅಥವಾ ‘ನೋ’. ‘ನೀನು ಬರುತ್ತೀಯಾ’ ಎಂದರೆ ‘ಯೇ’. ‘ನೀನು ಬರುವುದಿಲ್ಲವೇ’ ಎಂದರೆ, ಬರುವವನು ‘ಯೆಸ್’ ಎನ್ನಬೇಕು. ವಿಲಿಯಂ ಟಿಂಡೇಲ್ ಬೈಬಲನ್ನು ಇಂಗ್ಲಿಷಿಗೆ ತಂದಾಗ ಯೋಹಾನನ ಸುವಾರ್ತೆಯ ಒಂದು ಕಡೆ ‘ನೇ’ ಇರಬೇಕಾದಲ್ಲಿ ‘ನೋ’ ಹಾಕಿದ. ಥಾಮಸ್ ಮೋರ್ 1532ರಲ್ಲಿ ಪ್ರಕಟಿಸಿದ ಖಂಡನ ಗ್ರಂಥದಲ್ಲಿ ಇದನ್ನು ಹಿಡಿದು ಜಾಡಿಸಿದ: ಇಷ್ಟೂ ಇಂಗ್ಲಿಷ್ ಬಾರದವನು ದೇವರ ಮಾತನ್ನು ಅನುವಾದಿಸಲು ಹೊರಟನೇ ಎಂಬ ಧಾಟಿಯಲ್ಲಿ. ತಮಾಷೆಯೆಂದರೆ ನಿಯಮ ವಿವರಿಸುವ ಭರದಲ್ಲಿ ಮೋರ್ ಸ್ವತಃ ಅದನ್ನು ಒಂದು ಕಡೆ ತಲೆಕೆಳಗಾಗಿ ಬರೆದುಬಿಟ್ಟಿದ್ದಾನೆಂದು ನಂತರದ ಪಂಡಿತರು ತೋರಿಸಿದ್ದಾರೆ. ಮೋರ್‌ನ ತಲೆ 1535ರಲ್ಲಿ ಉರುಳಿತು, ಟಿಂಡೇಲ್‌ನನ್ನು 1536ರಲ್ಲಿ ಕೊಂದು ಸುಟ್ಟರು. ಅವರ ಜಗಳದ ನಿಜವಾದ ವಸ್ತು ‘ನೇ’ ಮತ್ತು ‘ನೋ’ ಅಲ್ಲ ಎಂಬುದು ಬೇರೆ ಮಾತು. ಆದರೆ ಆ ಶತಮಾನ ಮುಗಿಯುವುದರೊಳಗೆ ನಾಲ್ಕು ಉತ್ತರಗಳ ಭೇದ ಹೆಚ್ಚುಕಡಿಮೆ ಅಳಿಸಿಹೋಯಿತು.

ಅರಬಿ ಬಲ್ಲವರಿಗೆ ಇದು ಕೂಡಲೇ ಪರಿಚಿತವೆನಿಸುತ್ತದೆ. ಅರಬಿಯಲ್ಲಿ ‘ನಅಮ್’ ಬೇರೆ, ‘ಬಲಾ’ ಬೇರೆ. ‘ಅಲ್ಲವೇ’ ಎಂಬ ಪ್ರಶ್ನೆಯನ್ನು ತಳ್ಳಿ ‘ಏಕಲ್ಲ, ಹೌದು’ ಎನ್ನುವುದಕ್ಕೆ ‘ಬಲಾ’. ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 172ನೆಯ ವಚನದಲ್ಲಿ ಅಲ್ಲಾಹನು ಆದಮನ ಸಂತತಿಯನ್ನೆಲ್ಲ ಸಾಕ್ಷಿಯಾಗಿಸಿಕೊಂಡು, ನಾನು ನಿಮ್ಮ ಪ್ರಭುವಲ್ಲವೇ ಎಂಬರ್ಥದಲ್ಲಿ ಕೇಳುತ್ತಾನೆ. ಬಂದ ಉತ್ತರ ‘ಬಲಾ’. ಅವರು ಅಲ್ಲಿ ‘ನಅಮ್’ ಎಂದುಬಿಟ್ಟಿದ್ದರೆ, ‘ಹೌದು, ನೀನು ಅಲ್ಲ’ ಎಂದಾಗಿ ನಿರಾಕರಣೆಯೇ ಆಗುತ್ತಿತ್ತು ಎಂಬ ಸೂಕ್ಷ್ಮವನ್ನು ಇಬ್ನ್ ಅಬ್ಬಾಸರ ಹೆಸರಿನಲ್ಲಿ ವ್ಯಾಖ್ಯಾನಕಾರರು ಉಲ್ಲೇಖಿಸುತ್ತಾರೆ. ಆ ದಿನವನ್ನು ಫಾರಸಿ-ಉರ್ದು ಕವಿಗಳು ‘ರೋಜೆ ಅಲಸ್ತ್’ ಎಂದು ಕರೆದರು. ‘ಅಲ್ಲವೇ’ ಎಂಬ ಒಂದು ಪದವೇ ಒಂದು ಕಾಲದ ಹೆಸರಾಗಿ ನಿಂತಿತು. ‘ಬಲಾ’ ಎಂದರೆ ಸಂಕಟ ಎಂಬರ್ಥವೂ ಇರುವುದರಿಂದ, ಅಂದು ಒಪ್ಪಿಕೊಂಡವನು ಇಂದು ನೋಯುತ್ತಿದ್ದಾನೆ ಎಂದು ಶ್ಲೇಷೆ ಕಟ್ಟಿದರು. ನಮ್ಮ ಕನ್ನಡದಲ್ಲಿ ‘ಬಲಾ’ಕ್ಕೆ ಹತ್ತಿರದ ಮಾತು ‘ಯಾಕಿಲ್ಲ’. ‘ಊಟ ಆಗಿಲ್ವಾ?’ ಎಂದು ಕೇಳಿದರೆ ‘ಯಾಕಿಲ್ಲ, ಆಯ್ತು’ ಎನ್ನುತ್ತೇವೆ. ದಖನಿಯವರ ‘ಕೈಕು ನೈ’ ಕೂಡ ಅದೇ.

ಆದರೆ ಬರೀ ‘ಹೌದು’ ಎಂದರೆ? ‘ಊಟ ಆಗಿಲ್ಲ, ಅಲ್ವಾ?’ ಎಂಬ ಪ್ರಶ್ನೆಗೆ ನಮ್ಮ ‘ಹೌದು’ ಎಂದರೆ ‘ನೀವು ಹೇಳಿದ್ದು ಸರಿ, ಊಟ ಆಗಿಲ್ಲ’ ಎಂದು. ಇಂಗ್ಲಿಷಿನವನ ‘ಯೆಸ್’ ಎಂದರೆ ‘ಊಟ ಆಗಿದೆ’ ಎಂದು. ನಾವು ಕೇಳುವವನ ಮಾತಿಗೆ ಉತ್ತರ ಕೊಡುತ್ತೇವೆ, ಅವನು ಸಂಗತಿಗೆ ಉತ್ತರ ಕೊಡುತ್ತಾನೆ. ಎರಡೂ ಸರಿಯೇ. ಆದರೆ ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತಾಗ, ಅದರಲ್ಲೂ ಒಬ್ಬನ ಕೈಯಲ್ಲಿ ಅಧಿಕಾರವಿದ್ದಾಗ, ಈ ಪುಟ್ಟ ವ್ಯತ್ಯಾಸ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮುಂದೆ ಬರೋಣ.

ಈಗ ಅರ್ಥದ ವಿಚಾರ. ಬಾಲವಿರುವ ಪ್ರಶ್ನೆ ನಿಜವಾಗಿ ಏನನ್ನು ಕೇಳುತ್ತದೆ? ಮೇಲ್ನೋಟಕ್ಕೆ ‘ಹೌದೋ ಅಲ್ಲವೋ ಹೇಳು’ ಎನ್ನುತ್ತದೆ. ಆದರೆ ಕೊನೆಯ ಸ್ವರ ಮೇಲೇರಿದರೆ ಸಂದೇಹ, ಕೆಳಗಿಳಿದರೆ ಖಾತರಿ. ಬಸ್ಸಿನ ಸಾಲಿನಲ್ಲಿ ನಿಂತ ಇಬ್ಬರು ಅಪರಿಚಿತ ಆಂಗ್ಲರಲ್ಲಿ ಒಬ್ಬ, ‘ಇವತ್ತು ಚಳಿ, ಅಲ್ಲವೇ’ ಎಂದರೆ ಚಳಿಯ ಬಗ್ಗೆ ಮಾಹಿತಿ ಬೇಕಾಗಿ ಕೇಳಿದ್ದಲ್ಲ. ಮಾತಿಗೆ ಒಂದು ಚಾಪೆ ಹಾಸಿದ್ದು. ಅಮೆರಿಕದ ಜಾನ್ ಆಲ್ಜಿಯೊ ಎಂಬ ಭಾಷಾಶಾಸ್ತ್ರಜ್ಞರು ಬ್ರಿಟಿಷರ ಮಾತನ್ನು ಕೇಳಿಸಿಕೊಂಡು ಈ ಬಾಲಗಳನ್ನು ವಿಂಗಡಿಸಿದ್ದಾರೆ. ನಿಜವಾಗಿ ತಿಳಿಯಲು ಕೇಳುವುದು, ಒಪ್ಪಿಗೆ ಬೇಡಿ ಕೇಳುವುದು, ತನ್ನ ಮಾತಿಗೇ ಒಂದು ಆಶ್ಚರ್ಯಚಿಹ್ನೆಯಂತೆ ಹಚ್ಚುವುದು ಇವೆಲ್ಲ ನಿರುಪದ್ರವಿ. ಅವರು ಗುರುತಿಸಿದ ಇನ್ನೆರಡು ಬಗೆಗಳೇ ಸ್ವಾರಸ್ಯದವು. ಒಂದು, ಎದುರಾಳಿಯ ಬಾಯಿ ಮುಚ್ಚಿಸುವುದು: ‘ನಾನೇನು ನಿನ್ನೆ ಹುಟ್ಟಿದವನಲ್ಲ, ಹೌದಾ?’ ಇನ್ನೊಂದು, ಎದುರಿನವನಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿಯನ್ನು ಗೊತ್ತಿರಬೇಕಿತ್ತು ಎಂಬಂತೆ ಕೇಳುವುದು. ‘ಫೋನ್ ಯಾಕೆ ಎತ್ತಲಿಲ್ಲ?’ ಎಂದರೆ ‘ನಾನು ಸ್ನಾನ ಮಾಡ್ತಾ ಇದ್ದೆ, ಅಲ್ವಾ?’ ಎಂದಂತೆ. ನೀನು ಕೇಳಿದ್ದೇ ತಪ್ಪು ಎಂಬ ಪೆಟ್ಟು ಅದರಲ್ಲಿದೆ. ನಮ್ಮ ಅತ್ತೆ-ಸೊಸೆಯರ ಸಂಭಾಷಣೆಯಿಂದ ಇದಕ್ಕೆ ನೂರು ಉದಾಹರಣೆ ತೆಗೆಯಬಹುದು. ಕಥೆ ಬರೆಯುವವರಿಗಂತೂ ಇದು ಗೊತ್ತಿರಲೇಬೇಕಾದ ವಿದ್ಯೆ. ‘ನೀನು ನಿನ್ನೆ ಬಂದಿದ್ದೆ ಅಲ್ವಾ’ ಮತ್ತು ‘ನೀನು ನಿನ್ನೆ ಬಂದಿದ್ದೆ ತಾನೆ’ ಇವೆರಡರ ನಡುವೆ ಒಂದು ಇಡೀ ಸಂಸಾರದ ಅಂತರವಿದೆ.

1970ರ ದಶಕದಲ್ಲಿ ಅಮೆರಿಕದ ರಾಬಿನ್ ಲೇಕಾಫ್ ಎಂಬ ವಿದುಷಿ, ಹೆಂಗಸರೇ ಇಂಥ ಬಾಲಗಳನ್ನು ಹೆಚ್ಚು ಬಳಸುತ್ತಾರೆ, ತಮ್ಮ ಮಾತಿನ ಮೇಲೆ ತಾವೇ ಭರವಸೆಯಿಲ್ಲದಂತೆ ಆಡಲು ಸಮಾಜ ಅವರಿಗೆ ಕಲಿಸಿದೆ ಎಂದು ವಾದಿಸಿದರು. 1975ರಲ್ಲಿ ಡುಬ್ವಾ ಮತ್ತು ಕ್ರೌಚ್ ಎಂಬಿಬ್ಬರು ಒಂದು ವಿದ್ವತ್ ಕಮ್ಮಟದ ಮಾತುಕತೆಯನ್ನು ಲೆಕ್ಕ ಹಾಕಿ ನೋಡಿದರೆ, ಸಿಕ್ಕಿದ 33 ಬಾಲಗಳೂ ಗಂಡಸರವೇ! ಆಮೇಲೆ ನ್ಯೂಜಿಲೆಂಡಿನ ಜಾನೆಟ್ ಹೋಮ್ಸ್ ಎಣಿಕೆಗಿಂತ ಉದ್ದೇಶ ಮುಖ್ಯ ಎಂದರು. ಮಾತಿನಲ್ಲಿ ಇತರರನ್ನು ಒಳಗೆ ಕರೆದುಕೊಳ್ಳಲು ಹೆಂಗಸರು ಬಾಲ ಬಳಸಿದರೆ, ತಮಗೆ ಖಾತರಿಯಿಲ್ಲದ್ದನ್ನು ಖಾತರಿ ಮಾಡಿಕೊಳ್ಳಲು ಗಂಡಸರು ಬಳಸುವುದು ಹೆಚ್ಚು ಎಂದು ಅವರು ಕಂಡುಕೊಂಡರು. ನಮಗೆ ಹೋಮ್ಸ್ ಅವರ ಮಾತು ಹೆಚ್ಚು ಸರಿಯೆನಿಸುತ್ತದೆ.

ಭಾರತಕ್ಕೆ ಬಂದ ಇಂಗ್ಲಿಷಿನ ಬಾಲಗಳಲ್ಲಿ ಇಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ‘ಇಸಂಟ್ ಇಟ್’. ‘ನೀವು ನಾಳೆ ಬರುತ್ತೀರಿ, ಇಸಂಟ್ ಇಟ್?’ ನಮ್ಮ ಗುಮಾಸ್ತರು, ಮೇಷ್ಟರು, ವಕೀಲರು ಎಲ್ಲರೂ ಹೀಗೆಯೇ ಆಡಿದರು. ಅದಕ್ಕಾಗಿ ನಗೆಪಾಟಲಿಗೂ ಈಡಾದರು. ಭಾರತೀಯ ಇಂಗ್ಲಿಷನ್ನು ಅಣಕಿಸುವ ಹಾಸ್ಯಕ್ಕೆಲ್ಲ ಇದು ಅಗ್ಗದ ಸರಕಾಯಿತು. ಆದರೆ ನಮ್ಮವರು ಮಾಡಿದ್ದೇನು? ಕನ್ನಡದ ‘ಅಲ್ಲವೇ’, ಉರ್ದುವಿನ ‘ಹೈ ನಾ’ ಎಂಬ ಅಳತೆಗೋಲಿಗೆ ಇಂಗ್ಲಿಷನ್ನು ತಂದು ನಿಲ್ಲಿಸಿದರು. ಅಮೆರಿಕದಲ್ಲಿ ಅಧ್ಯಾಪಕರಾಗಿರುವ ರಾಕೇಶ್ ಭಟ್ ಎಂಬ ಭಾಷಾಶಾಸ್ತ್ರಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇದು ಕೇವಲ ಅಜ್ಞಾನದ ತಪ್ಪಲ್ಲ, ಇದರಲ್ಲಿ ವಿನಯದ ವ್ಯಾಕರಣವಿದೆ ಎಂದು ವಾದಿಸಿದ್ದಾರೆ. ‘ಆರಂಟ್ ಯು’ ಎಂದಾಗ ಪ್ರಶ್ನೆ ನೇರವಾಗಿ ‘ನೀನು’ ಎಂದು ಬೆರಳು ತೋರಿಸುತ್ತದೆ. ‘ಇಸಂಟ್ ಇಟ್’ ಎಂದಾಗ ಬೆರಳು ಎದುರಿನವರತ್ತ ಚಾಚುವುದಿಲ್ಲ, ಮಾತಿನತ್ತ ಚಾಚುತ್ತದೆ. ಹಿರಿಯರನ್ನು ಹೆಸರು ಹಿಡಿದು ಕರೆಯದ, ‘ನೀನು’ ಎನ್ನಲು ಹಿಂಜರಿಯುವ ಸಮಾಜಕ್ಕೆ ಇದು ಅನುಕೂಲ. ಮಾವನವರ ಮುಂದೆ ನಿಂತು ‘ಯು’ ಎನ್ನುವುದಕ್ಕಿಂತ ‘ಇಟ್’ ಎನ್ನುವುದು ಎಷ್ಟೋ ವಾಸಿ.

ವೇಲ್ಸ್‌ನ ಜನರೂ ‘ಇಸಂಟ್ ಇಟ್’ ಅನ್ನೇ ಎಲ್ಲದಕ್ಕೂ ಅಂಟಿಸುತ್ತಾರೆ. ಪಶ್ಚಿಮ ಆಫ್ರಿಕಾ, ಸಿಂಗಾಪುರಗಳಲ್ಲಿಯೂ ಇದೇ ಪದ್ಧತಿ. ಸಾಮ್ರಾಜ್ಯ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಸ್ಥಳೀಯರು ಆಡಳಿತದ ಭಾಷೆಯ ಈ ಬಾಲವನ್ನು ಕತ್ತರಿಸಿ ಒಂದೇ ಅಳತೆಗೆ ತಂದಂತೆ ಕಾಣುತ್ತದೆ.

ಅತ್ತ ಲಂಡನ್ನಿನಲ್ಲಿ ಬಡವರ ಬಾಯಲ್ಲಿ ‘ಏಂಟ್ ಇಟ್’ ಮೊದಲಿನಿಂದಲೂ ಇತ್ತು. ಡಿಕನ್ಸ್‌ನ ಕಾದಂಬರಿಗಳ ಗಾಡಿಯವರು, ಆಳುಗಳು ಹಾಗೆಯೇ ಮಾತನಾಡುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಈ ‘ಏಂಟ್’ ಸಿರಿವಂತರ ಬಾಯಲ್ಲೂ ಇತ್ತು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ವ್ಯಾಕರಣ ಪಂಡಿತರು ಅದಕ್ಕೆ ಬಹಿಷ್ಕಾರ ಹಾಕಿದ ಮೇಲೆ, ‘ಐ ಆಮ್’ ಎಂಬುದಕ್ಕೆ ತಕ್ಕ ಬಾಲವೇ ಇಲ್ಲದಾಗಿ, ವ್ಯಾಕರಣಕ್ಕೆ ಒಪ್ಪದ ‘ಆರಂಟ್ ಐ’ಯನ್ನು ಅದೇ ಪಂಡಿತರ ಮೊಮ್ಮಕ್ಕಳು ಶುದ್ಧ ಇಂಗ್ಲಿಷ್ ಎಂದು ಒಪ್ಪಿಕೊಳ್ಳಬೇಕಾಯಿತು. ಶಿಷ್ಟ ಯಾವುದು, ಭ್ರಷ್ಟ ಯಾವುದು ಎಂಬುದನ್ನು ಭಾಷೆಯೇ ನಿರ್ಧರಿಸುತ್ತದೆ ಎಂದು ನಂಬಿದವರು ಈ ಒಂದು ಪ್ರಸಂಗವನ್ನು ಓದಬೇಕು.

ಪೂರ್ವ ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡವಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ನೇಕಾರರಿಗಾಗಿ ಕಟ್ಟಿದ ಇಗರ್ಜಿ ಅದು. ಆಮೇಲೆ ಮೆಥಡಿಸ್ಟರದಾಯಿತು, 1898ರಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಮಸೀದಿಯಾಯಿತು. ಈಗ ಅದು ಬ್ರಿಕ್ ಲೇನ್ ಜಾಮೆ ಮಸ್ಜಿದ್. ಒಂದೇ ಬಾಗಿಲಿನ ಮುಂದೆ ಫ್ರೆಂಚರು, ಕಾಕ್ನಿಗಳು, ಯಿಡ್ಡಿಷ್ ಆಡುವ ಯಹೂದಿಗಳು, ಸಿಲ್ಹೆಟ್ಟಿನ ಮುಸ್ಲಿಮರು ತಂತಮ್ಮ ‘ಅಲ್ಲವೇ’ಗಳನ್ನು ಆಡುತ್ತ ನಿಂತಿರಬೇಕು. ಸಿಲ್ಹೆಟ್ಟಿನವರು ಪ್ರಶ್ನೆಯ ಕೊನೆಯಲ್ಲಿ ‘ನಿ’ ಎಂಬ ಪುಟ್ಟ ಪ್ರತ್ಯಯ ಹಚ್ಚುತ್ತಾರೆ. ಅವರ ಬದುಕು ಸುಲಭದ್ದಾಗಿರಲಿಲ್ಲ. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ಯುವ ಗಾರ್ಮೆಂಟ್ ಕಾರ್ಮಿಕ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾಗ ವೈಟ್‌ಚಾಪೆಲ್‌ನಲ್ಲಿ ಜನಾಂಗದ್ವೇಷಿಗಳ ಕೈಯಲ್ಲಿ ಕೊಲೆಯಾದ. ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ನಡೆದರು. ಆ ತಲೆಮಾರಿನ ಮಕ್ಕಳು ಬೀದಿಯಲ್ಲಿ ಕಾಕ್ನಿ ಹುಡುಗರೊಂದಿಗೆ, ಜಮೈಕಾದಿಂದ ಬಂದವರ ಮಕ್ಕಳೊಂದಿಗೆ ಆಡುತ್ತ ಬೆಳೆದರು. ಕಾಕ್ನಿಯ ಸವೆದ ‘ಇನ್ನಿಟ್’ ಮೊದಲೇ ಅಲ್ಲಿತ್ತು. ಅದನ್ನು ಎಲ್ಲ ವಾಕ್ಯಕ್ಕೂ, ಎಲ್ಲ ಕರ್ತೃವಿಗೂ ಒಗ್ಗಿಸಿದ್ದು ಈ ಹೊಸ ನೆರೆಹೊರೆ.

ನಾವು ಇದನ್ನು ಊಹೆಯಿಂದ ಹೇಳುತ್ತಿಲ್ಲ. 1993ರಲ್ಲಿ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು ಲಂಡನ್ನಿನ 13ರಿಂದ 17 ವರ್ಷದ ಮಕ್ಕಳ ಮಾತನ್ನು ಧ್ವನಿಮುದ್ರಿಸಿ ಸುಮಾರು 5 ಲಕ್ಷ ಪದಗಳ ಭಂಡಾರವೊಂದನ್ನು ಮಾಡಿದರು. ಅದನ್ನು ಅಭ್ಯಾಸ ಮಾಡಿದ ಗಿಸ್ಲೆ ಆಂಡರ್ಸನ್, ಎಲ್ಲದಕ್ಕೂ ಒಂದೇ ‘ಇನ್ನಿಟ್’ ಬಳಸುವುದರಲ್ಲಿ ವಲಸೆ ಸಮುದಾಯಗಳ ಮಕ್ಕಳೇ ಮುಂದಿದ್ದಾರೆಂದು ಕಂಡರು. ಆಮೇಲೆ ಜೆನ್ನಿ ಚೆಶೈರ್, ಪಾಲ್ ಕರ್ಸ್ವಿಲ್, ಸೂ ಫಾಕ್ಸ್ ಮತ್ತು ಸಂಗಡಿಗರು ಹ್ಯಾಕ್ನಿ ಮುಂತಾದ ಕಡೆ ಓಡಾಡಿ, ಲಂಡನ್ನಿನ ಬಡ ಬಡಾವಣೆಗಳಲ್ಲಿ ಬಹುಸಂಸ್ಕೃತಿಯ ಹೊಸ ಇಂಗ್ಲಿಷೊಂದು ಹುಟ್ಟಿದೆ, ಅದನ್ನು ಬಿಳಿಯ, ಕರಿಯ, ಏಷ್ಯನ್ ಮಕ್ಕಳೆಲ್ಲ ಸೇರಿ ಕಟ್ಟಿದ್ದಾರೆ ಎಂದು ತೋರಿಸಿದರು. ಯಾವ ಒಂದು ಭಾಷೆಯೂ ಇದಕ್ಕೆ ತಾನೇ ತಾಯಿ ಎನ್ನುವಂತಿಲ್ಲ.

ಹೈಕ್ ಪಿಖ್ಲರ್ ಅವರ ಅಧ್ಯಯನದಲ್ಲಿ ಒಂದು ಸಂಗತಿ ಓದಿ ನಮಗೆ ಬಹಳ ಖುಷಿಯಾಯಿತು. ಲಂಡನ್ನಿನ ಹುಡುಗರು ‘ಇನ್ನಿಟ್’ ಅನ್ನು ವಾಕ್ಯದ ತುದಿಯಲ್ಲಷ್ಟೇ ಅಲ್ಲ, ಆರಂಭದಲ್ಲಿ ಒಂದು ನಾಮಪದದ ಬೆನ್ನಿಗೂ ಹಚ್ಚುತ್ತಾರಂತೆ. ನನ್ನ ತಂಗಿ ಇನ್ನಿಟ್, ಅವಳು ಹೀಗೆ ಮಾಡಿದಳು ಎಂಬ ಹಾಗೆ. ಇಂಗ್ಲಿಷ್ ವ್ಯಾಕರಣದ ಕಣ್ಣಿಗೆ ಇದು ವಿಚಿತ್ರ. ನಮಗೆ? ‘ಮೇರಿ ಬೆಹನ್ ಹೈ ನಾ, ಉಸ್ನೆ...’ ಎಂದು ದಿನಕ್ಕೆ ಎಷ್ಟು ಬಾರಿ ಹೇಳುತ್ತೇವೆ! ಕನ್ನಡದಲ್ಲಿ ‘ನಮ್ಮ ತಂಗಿ ಇದಾಳಲ್ಲ, ಅವಳು...’ ಅಲ್ಲಿ ಯಾರೂ ತಂಗಿ ಇರುವುದನ್ನು ಪ್ರಶ್ನಿಸುತ್ತಿಲ್ಲ. ಈಗ ಹೊಸ ವಿಷಯ ಬರುತ್ತಿದೆ, ಕಿವಿ ಇತ್ತ ಕೊಡಿ ಎಂದು ಕೇಳುಗರ ಭುಜ ತಟ್ಟುವುದಷ್ಟೇ. ಲಂಡನ್ನಿನ ಮಕ್ಕಳು ಇದನ್ನು ಏಷ್ಯದ ಭಾಷೆಗಳಿಂದ ತೆಗೆದುಕೊಂಡರೋ, ತಾವಾಗಿಯೇ ಕಂಡುಕೊಂಡರೋ, ಮನುಷ್ಯನ ಬಾಯಿ ಒಂದೇ ದಾರಿಯಲ್ಲಿ ನಡೆದಿದೆ.

ಟಿವಿ ಇದನ್ನು ಬಿಡಲಿಲ್ಲ. 1998ರಲ್ಲಿ ಬಿಬಿಸಿಯಲ್ಲಿ ಬಂದ ‘ಗುಡ್‌ನೆಸ್ ಗ್ರೇಶಿಯಸ್ ಮಿ’ಯಲ್ಲಿ ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್ ಮೊದಲಾದವರು ತಮ್ಮದೇ ಸಮುದಾಯದ ಹುಡುಗರ ‘ಇನ್ನಿಟ್’ ಅನ್ನು ಅಕ್ಕರೆಯಿಂದ ಅಣಕಿಸಿದರು. ಅದೇ ವರ್ಷ ಸಾಶಾ ಬ್ಯಾರನ್ ಕೊಹೆನ್ ‘ಅಲಿ ಜಿ’ ಎಂಬ ಪಾತ್ರವಾಗಿ ಕಾಣಿಸಿಕೊಂಡರು. ಕೇಂಬ್ರಿಜ್‌ನಲ್ಲಿ ಓದಿದ ನಟ, ಬೀದಿಯ ಹುಡುಗನ ವೇಷ, ಮಾತಿಗೊಂದು ‘ಇನ್ನಿಟ್’. ಮನೆಯವರು ನಗಿಸುವುದಕ್ಕೂ ಹೊರಗಿನವರು ನಗುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಓದುಗರಿಗೆ ವಿವರಿಸಬೇಕಿಲ್ಲ. ಕನ್ನಡ ಸಿನಿಮಾಗಳಲ್ಲಿ ‘ಕ್ಯಾರೇ’, ‘ಅರೇ ಭಾಯ್’ ಎನ್ನುತ್ತ ಬರುವ ಸಾಬರ ಪಾತ್ರಗಳನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. 2011ರ ಆಗಸ್ಟಿನಲ್ಲಿ ಇಂಗ್ಲೆಂಡಿನ ನಗರಗಳಲ್ಲಿ ಗಲಭೆಗಳಾದಾಗ ಡೇವಿಡ್ ಸ್ಟಾರ್ಕಿ ಎಂಬ ಇತಿಹಾಸಕಾರ ಬಿಬಿಸಿಯಲ್ಲಿ ಕೂತು, ಬಿಳಿಯ ಹುಡುಗರು ಕರಿಯರಾಗಿಬಿಟ್ಟಿದ್ದಾರೆ, ಜಮೈಕಾದ ಭಾಷೆ ಇಂಗ್ಲೆಂಡಿನೊಳಗೆ ನುಗ್ಗಿದೆ ಎಂಬರ್ಥದ ಮಾತಾಡಿ ದೊಡ್ಡ ವಿವಾದ ಎಬ್ಬಿಸಿದರು. ಬೆಂಕಿ ಹಚ್ಚಿದ್ದಕ್ಕೂ ಉಚ್ಚಾರಣೆಗೂ ಅವರು ಗಂಟು ಹಾಕಿದ ರೀತಿ ಅದು. ಹ್ಯಾರಿಸ್ ಅಕಾಡೆಮಿಯ ಫಲಕ ಬಂದದ್ದು ಅದಾದ ಎರಡು ವರ್ಷಕ್ಕೆ.

ಹಾಗೆ ನೋಡಿದರೆ ಬೀದಿಯ ಹುಡುಗರ ಬಾಲ ಯಾರಿಗೂ ಅಪಾಯ ಮಾಡಿದ್ದಿಲ್ಲ. ಅಪಾಯದ ಬಾಲ ಇರುವುದು ಶುದ್ಧ ವ್ಯಾಕರಣದ ಬಾಯಲ್ಲಿ, ಕರಿಕೋಟಿನ ಬಾಯಲ್ಲಿ. ಸರ್ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು, ಕೇಳುವವನು ಬಯಸುವ ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆಯನ್ನು ಸೂಚಕ ಪ್ರಶ್ನೆ ಎಂದು ಕರೆಯಿತು. ತನ್ನ ಸಾಕ್ಷಿಗೆ ವಕೀಲನು ಅದನ್ನು ಕೇಳುವಂತಿಲ್ಲ, ಎದುರಾಳಿಯ ಸಾಕ್ಷಿಗೆ ಪಾಟೀಸವಾಲಿನಲ್ಲಿ ಕೇಳಬಹುದು. 2024ರ ಜುಲೈ 1ರಿಂದ ಆ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಬಂದಿದ್ದರೂ ಈ ತತ್ವ ಬದಲಾಗಿಲ್ಲ. ನಮ್ಮ ತಾಲೂಕು ನ್ಯಾಯಾಲಯಗಳ ಕನ್ನಡ ಹೇಳಿಕೆಗಳನ್ನು ಓದಿದವರಿಗೆ ಒಂದು ವಿಶಿಷ್ಟ ಶೈಲಿ ಗೊತ್ತು. ‘ಘಟನೆ ನಡೆದಾಗ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.’ ‘ಆ ಜಮೀನು ನಮ್ಮ ತಂದೆಯ ಹೆಸರಿನಲ್ಲಿತ್ತು ಎಂದರೆ ಸರಿ.’ ವಕೀಲರ ‘ಅಲ್ಲವೇ’ಯನ್ನೂ ಸಾಕ್ಷಿಯ ‘ಹೌದು’, ‘ಇಲ್ಲ’ಗಳನ್ನೂ ಕರಗಿಸಿ ಎರಕ ಹೊಯ್ದ ಒಂದೇ ವಾಕ್ಯ ಅದು. ‘ಹೌದು’ ಎಂದರೆ ಯಾವ ಹೌದು ಎಂಬ ಗೊಂದಲವನ್ನು ಅದು ಜಾಣತನದಿಂದ ನಿವಾರಿಸುತ್ತದೆ. ಆದರೆ ಪ್ರಶ್ನೆ ಯಾವ ದನಿಯಲ್ಲಿ ಬಂತು, ಎಷ್ಟು ಬಾರಿ ಬಂತು, ಉತ್ತರ ಕೊಡುವ ಮುಂಚೆ ಸಾಕ್ಷಿ ಎಷ್ಟು ಹೊತ್ತು ಸುಮ್ಮನಿದ್ದ ಎಂಬುದು ಆ ಕಾಗದದಲ್ಲಿ ಉಳಿಯುವುದಿಲ್ಲ.

ಆಸ್ಟ್ರೇಲಿಯದಲ್ಲಿ ಅದು ಉಳಿಯಿತು. ಅಲ್ಲಿನ ಮೂಲನಿವಾಸಿಗಳು ಅಧಿಕಾರದಲ್ಲಿರುವವರು ಪ್ರಶ್ನೆ ಕೇಳಿದಾಗ, ಅರ್ಥವಾಗಲಿ ಬಿಡಲಿ, ಒಪ್ಪಿಗೆ ಇರಲಿ ಬಿಡಲಿ, ‘ಹೌದು’ ಎಂದುಬಿಡುವುದು ಹಳೆಯ ಅನುಭವ. ಕೇಳುವವರನ್ನು ಸಂತೋಷಪಡಿಸಿ ಪಾರಾಗುವ ದಾರಿ ಅದು. ಉತ್ತರ ಪ್ರಾಂತ್ಯದ ನ್ಯಾಯಮೂರ್ತಿ ಫಾರ್ಸ್ಟರ್ 1976ರಲ್ಲಿ ಅನುಂಗ ಪ್ರಕರಣದಲ್ಲಿ ಪೊಲೀಸರಿಗೆ ನಿಯಮಗಳನ್ನು ಹಾಕಿಕೊಟ್ಟು, ಈ ಜನ ಸೌಜನ್ಯದಿಂದ ಬಿಳಿಯನಿಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ, ಆದ್ದರಿಂದ ಉತ್ತರ ಸೂಚಿಸುವ ಪ್ರಶ್ನೆಗಳನ್ನು ಕೇಳಬೇಡಿ ಎಂದು ಎಚ್ಚರಿಸಿದ್ದರು. ಡಯಾನಾ ಈಡ್ಸ್ ಎಂಬ ಭಾಷಾಶಾಸ್ತ್ರಜ್ಞೆ 1992ರಲ್ಲಿ ಕ್ವೀನ್ಸ್‌ಲೆಂಡಿನ ವಕೀಲರಿಗಾಗಿ ಒಂದು ಕೈಪಿಡಿಯನ್ನೇ ಬರೆದರು. ಮೂಲನಿವಾಸಿಗಳ ‘ಹೌದು’ ಸದಾ ಹೌದಲ್ಲ, ಅವರ ಮೌನ ಅಪರಾಧದ ಒಪ್ಪಿಗೆಯಲ್ಲ ಎಂಬುದನ್ನು ಅದರಲ್ಲಿ ಬಿಡಿಸಿ ಹೇಳಿದ್ದರು.

1994ರ ಮೇ ತಿಂಗಳ ಒಂದು ರಾತ್ರಿ ಬ್ರಿಸ್ಬೇನ್ ನಗರದಲ್ಲಿ 12, 13 ಮತ್ತು 14 ವರ್ಷದ ಮೂವರು ಮೂಲನಿವಾಸಿ ಹುಡುಗರನ್ನು ಆರು ಮಂದಿ ಪೊಲೀಸರು ಮೂರು ಕಾರುಗಳಲ್ಲಿ ಕೂರಿಸಿಕೊಂಡು, ಸುಮಾರು 14 ಕಿಲೋಮೀಟರ್ ದೂರದ ಪಿಂಕೆನ್ಬಾ ಎಂಬ ಪಾಳು ಪ್ರದೇಶದಲ್ಲಿ ಬಿಟ್ಟು ಬಂದರು. ಹುಡುಗರ ಮೇಲೆ ಯಾವ ಆರೋಪವೂ ಇರಲಿಲ್ಲ, ಅವರನ್ನು ಬಂಧಿಸಿಯೂ ಇರಲಿಲ್ಲ. ಅವರ ಸ್ವಾತಂತ್ರ್ಯ ಕಸಿದ ಆಪಾದನೆ ಪೊಲೀಸರ ಮೇಲೆ ಬಂತು. 1995ರ ಫೆಬ್ರವರಿಯಲ್ಲಿ ಪ್ರಾಥಮಿಕ ವಿಚಾರಣೆ ನಡೆಯಿತು. ಹುಡುಗರು ತಾವಾಗಿಯೇ ಕಾರು ಹತ್ತಿದರೋ, ಬಲವಂತಕ್ಕೆ ಹತ್ತಿದರೋ ಎಂಬುದೇ ಇಡೀ ಮೊಕದ್ದಮೆಯ ಪ್ರಶ್ನೆ. ಪೊಲೀಸರ ಪರ ವಕೀಲರು ಈ ಪ್ರಶ್ನೆಯನ್ನು ಬಾಲ ಹಚ್ಚಿ ಕೇಳಿದರು. ಇಷ್ಟವಿಲ್ಲದಿದ್ದರೆ ಹೋಗಬೇಕಿಲ್ಲ ಎಂದು ನಿನಗೆ ಗೊತ್ತಿತ್ತು, ಅಲ್ಲವೇ? ಹುಡುಗ ಮೊದಲು ಇಲ್ಲ ಎಂದ. ಸುಳ್ಳು ಹೇಳಬೇಡ ಎಂದು ಗದರಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿ, ‘ಡಿಡಂಟ್ ಯು’ ಎಂಬ ಬಾಲವನ್ನು ದನಿ ಏರಿಸುತ್ತ ಒಂದರ ಮೇಲೊಂದು ಹೊಡೆದರು. ಆಗ ಹುಡುಗ ‘ಯೆ’ ಎಂದ. ಹಾಗಾದರೆ ಈಗ ತಾನೆ ಸುಳ್ಳು ಏಕೆ ಹೇಳಿದೆ ಎಂಬುದು ಮರುಪ್ರಶ್ನೆ.

ನ್ಯಾಯಾಧೀಶರು ಆ ‘ಯೆ’ಯನ್ನು ಒಪ್ಪಿಗೆಯೆಂದೇ ತೆಗೆದುಕೊಂಡು, ಹುಡುಗರು ಸ್ವಇಚ್ಛೆಯಿಂದ ಹೋಗಿದ್ದರು ಎಂದು ಪೊಲೀಸರ ಮೇಲಿನ ಆಪಾದನೆಗಳನ್ನು ವಜಾ ಮಾಡಿದರು. ಈಡ್ಸ್ ಆಮೇಲೆ ಈ ವಿಚಾರಣೆಯ ಧ್ವನಿಮುದ್ರಿಕೆಗಳನ್ನು ಸಾಲುಸಾಲಾಗಿ ಬಿಡಿಸಿ 2008ರಲ್ಲಿ ಒಂದು ಪುಸ್ತಕ ಬರೆದರು. ಅವರು ದಾಖಲಿಸಿರುವ ಒಂದು ವಿವರವಿದೆ. ವಿಚಾರಣೆ ನಡೆಯುವಾಗ ಪೊಲೀಸರ ಪರ ವಕೀಲರ ಮೇಜಿನ ಮೇಲೆ ಅವರ 1992ರ ಕೈಪಿಡಿ ಇತ್ತು. ಮೂಲನಿವಾಸಿ ಸಾಕ್ಷಿಗಳಿಗೆ ಯಾವ ಬಗೆಯ ಪ್ರಶ್ನೆ ಕೇಳಬಾರದು ಎಂದು ಅದರಲ್ಲಿ ಬರೆದಿತ್ತೋ, ಆ ಬಗೆಯ ಪ್ರಶ್ನೆಗಳನ್ನೇ ಹುಡುಗರಿಗೆ ಕೇಳಲಾಗಿತ್ತು.